ಮ್ಯಾಟ್ನಿ ಶೋ ಮತ್ತು ಅಮ್ಮನ ನಿದ್ದೆ

ಈಚೆಗೆ ಯಾರ ಮನೆಗೆ ಹೋದರೂ ಟಿವಿ ಒಂದೇ ಸಮನೆ ಅರಚುತ್ತಿರುತ್ತದೆ. ಅಳುವವರೂ ಅದೇ ಸದ್ದಿನಲ್ಲಿ ಅಳುತ್ತಾರೆ, ಸೋಪು ಮಾರುವವರೂ ಅದೇ ಸದ್ದಿನಲ್ಲಿ ಮಾರುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ನನಗೆ ತಲೆ ಚಿಟ್ಟು ಹಿಡಿದುಹೋಗುತ್ತದೆ. ಇದರ ಹಿಂದಿನ ಕರಾಮತ್ತು ಏನೆಂದು ನನಗೆ ಗೊತ್ತು. ಮೂಡಿಗೆರೆಯಲ್ಲಿ ಒಂದು ಮಳೆಗಾಲ ಪೂರ್ತಿ ಅದರ ಜೊತೆ ಏಗಿದವನು ನಾನು.

ಚೆನ್ನೈನ ಒಂದು ಮಿಕ್ಸಿಂಗ್ ಸ್ಟುಡಿಯೋದಲ್ಲಿ ಕೆಲವು ವರ್ಷ ಸಹಾಯಕನಾಗಿದ್ದು, ಅಲ್ಲಿನ ಸೆಕೆ ತಡೆಯಲಾರದೆ ಊರಿಗೆ ವಾಪಸಾಗಿದ್ದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮೂರಿನ ಟಾಕೀಸಿನ ಯಜಮಾನರು ಆಗಷ್ಟೇ ಒಳಗೆ ಸುತ್ತಲೂ ಸ್ಪೀಕರ್ ಹಾಕಿಸಿ, ಹೊರಗೆ 'ಡಿಜಿಟಲ್ ಸೌಂಡ್' ಎಂದು ಬೋರ್ಡು ಬರೆಸಿದ್ದರು. ಅದನ್ನೆಲ್ಲ ನೋಡಿಕೊಳ್ಳಲು ನನ್ನನ್ನು ಇಟ್ಟುಕೊಂಡರು. ಪರದೆಯ ಹಿಂದೆ ಮೂರು ಸ್ಪೀಕರು, ಎಡಬಲದ ಗೋಡೆಗಳ ಮೇಲೆ ಸಾಲು ಸಾಲು, ಕೆಳಗೆ ಎದೆ ನಡುಗಿಸುವ ಒಂದು ದೊಡ್ಡ ಡಬ್ಬ. ಸಂತೆಯ ದಿನ ಎಸ್ಟೇಟುಗಳಿಂದ ಜೀಪಿಗೆ ಜೋತುಬಿದ್ದು ಬಂದ ಜನ, ಗುಡುಗು ಬೆನ್ನ ಹಿಂದಿನಿಂದ ಕೇಳಿದರೆ ಗಕ್ಕನೆ ತಿರುಗಿ ನೋಡುತ್ತಿದ್ದರು. ಅದನ್ನು ನೋಡಿದರೆ ನನಗೆ ಖುಷಿಯೋ ಖುಷಿ.

ತಾಪತ್ರಯವೆಲ್ಲ ಎಡಗೋಡೆಯದು. ಅದರ ಆಚೆ ಯಜಮಾನರ ಮನೆ, ಗೋಡೆಗೆ ಒತ್ತಿಕೊಂಡೇ ಅವರ ತಾಯಿಯ ಮಂಚ. ಟಾಕೀಸು ಕಟ್ಟಿದಂದಿನಿಂದ ಅಮ್ಮ ಆ ಕೋಣೆಯಲ್ಲೇ ಇದ್ದವರು. ಕಿಟಕಿಯಿಂದ ಕೊಟ್ಟಿಗೆಹಾರದ ಬಸ್ಸು ಕಾಣುತ್ತದೆ ಎಂದು ಬೇರೆ ಕೋಣೆಗೆ ಹೋಗಲು ಸುತರಾಂ ಒಪ್ಪುತ್ತಿರಲಿಲ್ಲ. ಆ ವರ್ಷ ಅವರಿಗೆ ಬಿ.ಪಿ. ಏರಿ, ಊಟವಾದ ಮೇಲೆ ನಿದ್ದೆ ಮಾಡಲೇಬೇಕು ಎಂದು ಡಾಕ್ಟರು ಹೇಳಿದ್ದರು. ಊಟವಾದ ಮೇಲೆ ಎಂದರೆ ಮ್ಯಾಟ್ನಿ ಶೋ. ಪರದೆಯ ಮೇಲೆ ಬಾಂಬು ಸಿಡಿದರೆ ಅಮ್ಮನ ಗೋಡೆಗೂಡಿನಲ್ಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು.

"ಅಮ್ಮಂಗೆ ನಿದ್ದೆ ಆಗ್ಬೇಕು ಮಾರಾಯ," ಎಂದರು ಯಜಮಾನರು. "ಎಡಗಡೆ ಸ್ಪೀಕರ್ ಬಂದ್ ಮಾಡಕ್ಕಾಗಲ್ವಾ?"

"ಬಂದ್ ಮಾಡಿದ್ರೆ ಹೊರಗಿನ ಬೋರ್ಡೂ ಇಳಿಸ್ಬಿಡಿ," ಎಂದೆ. ನನಗೂ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಒಟ್ಟು ಸದ್ದನ್ನೇ ಇಳಿಸೋಣವೆಂದರೆ ಮೇಲೆ ತಗಡಿನ ಮಾಡು. ಜೂನ್ ತಿಂಗಳ ಮಳೆ ಅದರ ಮೇಲೆ ಹೊಯ್ಯತೊಡಗಿದರೆ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ನಾಯಕಿಯ ಮಾತು ಎಲ್ಲಿಂದ ಕೇಳಬೇಕು? ಜನ "ಸೌಂಡ್! ಸೌಂಡ್!" ಎಂದು ಕುರ್ಚಿ ಕುಟ್ಟುತ್ತಿದ್ದರು.

ಚಿಕ್ಕಮಗಳೂರಿನಲ್ಲಿ ಮದುವೆ, ಆರ್ಕೆಸ್ಟ್ರಾಗಳಿಗೆ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡುತ್ತಿದ್ದ ಸಾಹೇಬರೊಬ್ಬರ ಹತ್ತಿರ ಮೂರು ಹಳೆಯ ಕಂಪ್ರೆಸರ್‌ಗಳಿದ್ದವು. ಸದ್ದು ನಾವು ಹಾಕಿಕೊಟ್ಟ ಗೆರೆ ದಾಟಿದರೆ ಸಾಕು, ತಲೆಯ ಮೇಲೆ ಕೈಯಿಟ್ಟು ಅದುಮುವುದು ಅವುಗಳ ಕೆಲಸ. ಅವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ಒಂದೊಂದರಲ್ಲಿ ಎರಡೆರಡು ಲೈನು. ಅವೆಲ್ಲವೂ ಒಟ್ಟಿಗೆ ಇಳಿಯುವಂತೆ ಒಂದಕ್ಕೊಂದು ಕಟ್ಟಬೇಕು. ಇಲ್ಲದಿದ್ದರೆ ಎಡವನ್ನು ಅದುಮಿದ ಕೂಡಲೇ ಇಡೀ ಚಿತ್ರದ ಸದ್ದು ಬಲಕ್ಕೆ ವಾಲಿ, ತಲೆಯ ಮೇಲೆ ಹಾರಬೇಕಾದ ಹೆಲಿಕಾಪ್ಟರ್ ಬಲಗೋಡೆ ಸವರಿಕೊಂಡು ಹೋಗುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ಜೀವ ಹೈರಾಣಾಯಿತು. ಆಮೇಲೆ, ಮಳೆಯನ್ನು ಮೀರಿ ಮಾತು ಕೇಳಬೇಕಲ್ಲ ಎಂದು, ಅದುಮಿದ ಸದ್ದನ್ನು ಒಟ್ಟಾರೆ ಮೇಲೆತ್ತಿದೆ. ಬಾಂಬು ತಗ್ಗಿತು, ಪಿಸುಮಾತು ಏರಿತು, ಕುರ್ಚಿ ಕುಟ್ಟುವುದು ನಿಂತಿತು, ಲೋಟಗಳೂ ಸುಮ್ಮನಾದವು. ಯಜಮಾನರು ನನ್ನ ಬೆನ್ನು ತಟ್ಟಿ ಕಾಫಿ ಕುಡಿಸಿದರು.

ಅಮ್ಮನ ಬಿ.ಪಿ. ಮಾತ್ರ ಇಳಿಯಲಿಲ್ಲ. ಮಧ್ಯಾಹ್ನ ಮಗ್ಗುಲು ಬದಲಿಸುತ್ತ ಬಿದ್ದುಕೊಂಡಿರುತ್ತಾರೆ, ಕಣ್ಣು ಮುಚ್ಚುವುದಿಲ್ಲ ಎಂದು ಯಜಮಾನರು ಬಂದು ಹೇಳಿದರು. ಸದ್ದು ಇನ್ನೂ ಹೆಚ್ಚೇ ಇರಬೇಕು, ಇನ್ನಷ್ಟು ಅದುಮು ಎಂದರು. ಅದುಮಿದೆ. ಅದುಮಿದಷ್ಟೂ ಮಳೆಗಾಗಿ ಎತ್ತಬೇಕಾಯಿತು. ಡಾಕ್ಟರು ಮಾತ್ರೆ ಹೆಚ್ಚಿಸಿದರು. ಅಮ್ಮನ ಮುಖ ಬಾಡಿತು, ಕಾಲು ಊದಿಕೊಂಡಿತು. ಅವರನ್ನೇ ಒಂದು ಮಾತು ಕೇಳೋಣ ಎಂದು ಮಗನಿಗೂ ಹೊಳೆಯಲಿಲ್ಲ, ಡಾಕ್ಟರಿಗೂ ಹೊಳೆಯಲಿಲ್ಲ, ಚೆನ್ನೈ ಕಂಡು ಬಂದ ನನಗಂತೂ ಹೊಳೆಯಲೇ ಇಲ್ಲ.

ಕೊನೆಗೆ ರೋಸಿಹೋಗಿ, ಒಂದು ದಿನ ಮ್ಯಾಟ್ನಿ ಓಡುತ್ತಿರುವಾಗಲೇ ಅಮ್ಮನ ಕೋಣೆಗೆ ಹೋದೆ. ಎಲ್ಲಿಂದ ಸದ್ದು ನುಗ್ಗುತ್ತಿದೆ ಎಂದು ಗೋಡೆ ಮುಟ್ಟಿ ನೋಡತೊಡಗಿದೆ. ಅಮ್ಮ ಎದ್ದು ಕೂತರು.

"ಆ ಪಿಕ್ಚರ್‌ಗೆ ಏನು ಮಾಡಿದ್ಯೋ ನೀನು?"

"ನಿಮ್ಗೆ ತೊಂದ್ರೆ ಆಗ್ಬಾರ್ದು ಅಂತ ಕಮ್ಮಿ ಮಾಡಿದೀನಿ ಅಮ್ಮ."

"ಕಮ್ಮಿ ಎಲ್ಲಿ ಮಾಡಿದ್ಯ ಮಾರಾಯ! ಮುಂಚೆ ಢಂ ಅಂತಿತ್ತು, ಆಮೇಲೆ ಸುಮ್ಮನಾಗ್ತಿತ್ತು. ಸುಮ್ಮನಾದಾಗ ನಂಗೆ ಜೋಂಪು ಹತ್ತೋದು. ಒಂದ್ಸಲ ಹತ್ತಿದ್ರೆ ಮುಗೀತು, ಎಷ್ಟು ಬಾಂಬು ಬಿದ್ರೂ ಎಚ್ಚರ ಇಲ್ಲ. ಈಗ ಸುಮ್ಮನಾಗೋದೇ ಇಲ್ವಲ್ಲ. ಮನೆ ತುಂಬ ನೆಂಟರು ಬಂದು ಕೂತು, ಏಳದೆ ಮಾತಾಡಿದಂಗೆ ಆಗ್ತದೆ."

ನಾನು ಮಂಚದ ತುದಿಯಲ್ಲಿ ಕೂತು ಕಿವಿಗೊಟ್ಟೆ. ನಿಜ. ಗೋಡೆಯಿಂದ ಒಂದೇ ಸಮನೆ ಗೊಜಗೊಜ ಬರುತ್ತಿತ್ತು. ಮಾತು, ಹಾಡು, ನಡಿಗೆ, ಉಸಿರು ಎಲ್ಲ ಒಂದೇ ಎತ್ತರ. ಚೆನ್ನೈನಲ್ಲಿ ನಮ್ಮ ಮಿಕ್ಸಿಂಗ್ ಎಂಜಿನಿಯರ್ ಒಂದು ಸುಮ್ಮನಿರುವ ದೃಶ್ಯಕ್ಕಾಗಿ ಇಡೀ ದಿನ ಕೂರುತ್ತಿದ್ದರು. ನಾನು ಆಗ ಆಕಳಿಸುತ್ತ ಗಡಿಯಾರ ನೋಡುತ್ತಿದ್ದೆ. ಅಷ್ಟು ಕಷ್ಟಪಟ್ಟು ಬಿಟ್ಟಿದ್ದ ಜಾಗವನ್ನೆಲ್ಲ ಇಲ್ಲಿ ನಾವು, ಅಮ್ಮನಿಗೆ ಒಳ್ಳೆಯದಾಗಲಿ ಎಂದು, ತುಂಬಿಸಿಬಿಟ್ಟಿದ್ದೆವು.

ಮಾರನೆಯ ದಿನ ಕಂಪ್ರೆಸರ್‌ಗಳನ್ನು ಬಿಚ್ಚಿದೆ. ಲೋಟಗಳು ಮತ್ತೆ ಗಲಗಲ ಅಂದವು, ಯಜಮಾನರು ಗಾಬರಿಯಿಂದ ಓಡಿ ಹೋಗಿ ನೋಡಿದರೆ ಅಮ್ಮ ಬಾಯಿ ತೆರೆದು ಮಲಗಿದ್ದರು. ಮಳೆಯನ್ನೂ ಜನರನ್ನೂ ಸಂಭಾಳಿಸುವ ಪಾಡು ನನ್ನ ಕೈಗೆ ಬಂತು. ಮಾತು ಬಂದಾಗ ವಾಲ್ಯೂಮಿನ ಗುಬುಟು ತಿರುಗಿಸಿ ಏರಿಸುವುದು, ಮಾತು ನಿಂತಾಗ ಇಳಿಸಿ ಸುಮ್ಮನೆ ಬಿಡುವುದು. ಶೋ ಮುಗಿಯುವ ತನಕ ಕೂರುವ ಹಾಗಿಲ್ಲ. ಆ ವರ್ಷಗಳಲ್ಲಿ ಹಿಡಿದ ಬೆನ್ನುನೋವು ಇನ್ನೂ ಬಿಟ್ಟಿಲ್ಲ.

ಹಾಗೆ ಕೆಲವು ಮಳೆಗಾಲ ಕಳೆದವು. ಅಮ್ಮ ಹಾಸಿಗೆ ಹಿಡಿದರು. ಇನ್ನು ಚೆನ್ನಾಗಿ ನೋಡಿಕೊಳ್ಳಿ, ಅಷ್ಟೇ ಎಂದು ಡಾಕ್ಟರು ಹೇಳಿಹೋದರು. ಆ ಸಮಯದಲ್ಲೇ ಒಂದು ದಿನ ರಸ್ತೆಯ ಮೇಲೆ ಮರ ಬಿದ್ದು ಬಸ್ಸು ಜೀಪು ಎಲ್ಲ ನಿಂತು, ಮ್ಯಾಟ್ನಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಜನ ಬಾರದಿದ್ದರೆ ಶೋ ಇಲ್ಲ. ಅದು ಎಲ್ಲ ಟಾಕೀಸಿನ ಪದ್ಧತಿ. ಬೆನ್ನಿಗೆ ಒಂದು ದಿನವಾದರೂ ಬಿಡುವು ಸಿಕ್ಕಿತೆಂದು ನಾನು ಚಾಪೆ ಹಾಸುತ್ತಿದ್ದೆ. ಯಜಮಾನರು ಕೊಡೆ ಮಡಚುತ್ತ ಕ್ಯಾಬಿನ್ನಿಗೆ ಹತ್ತಿ ಬಂದರು.

"ಅಮ್ಮ ಕಣ್ಣು ಬಿಟ್ಕೊಂಡು ಕಾಯ್ತಿದಾರೆ," ಎಂದರು. "ಪಿಕ್ಚರ್ ಯಾಕೆ ಇನ್ನೂ ಶುರುವಾಗಿಲ್ಲ ಅಂತ ಕೇಳ್ತಿದಾರೆ." ಸ್ವಲ್ಪ ಹೊತ್ತು ಖಾಲಿ ಕುರ್ಚಿಗಳ ಕಡೆ ನೋಡಿದರು. "ಹಾಕ್ಬಿಡಿ."

ಆಪರೇಟರ್ ಬೀಡಿ ಆರಿಸಿ ರೀಲು ಹತ್ತಿಸಿದ. ಕುರ್ಚಿ ಕುಟ್ಟುವವರಿಲ್ಲದ್ದರಿಂದ ಗುಬುಟು ಮುಟ್ಟುವ ಕೆಲಸವಿರಲಿಲ್ಲ. ಗುಡುಗು ಗುಡುಗಿದ ಹಾಗೇ ಗುಡುಗಿತು. ಇಂಟರ್ವಲ್‌ಗೆ ಮುಂಚೆ ಮಳೆ ಹೊಳವಾಗಿ ಮಾಡಿನ ಸದ್ದು ನಿಂತಿತು. ಪರದೆಯ ಮೇಲೆ ನಾಯಕಿ ಒಬ್ಬಳೇ, ಮಾತಿಲ್ಲದೆ, ಹೊಳೆದಂಡೆಯಲ್ಲಿ ನಡೆಯುತ್ತಿದ್ದಳು. ನಾನು ಕೆಳಗಿಳಿದು ಹೋಗಿ ಎಡಗೋಡೆಗೆ ಕಿವಿಯಿಟ್ಟೆ.

ಆಚೆಯಿಂದ ಅಮ್ಮನ ಗೊರಕೆ ಕೇಳಿಸುತ್ತಿತ್ತು. ಮಾಡಿನ ಮೇಲೆ ಮತ್ತೆ ಮಳೆ ಹಿಡಿಯುವ ತನಕ ನನಗೆ ಕಿವಿ ತೆಗೆಯಲು ಮನಸ್ಸಾಗಲಿಲ್ಲ.