ಜರಡಿಗೆ ಸಿಕ್ಕ ಒಂದು ಪಾಯಿಂಟು

ಹನ್ನೆರಡನೇ ನಂಬರ್ ಬಸ್ಸಿನ ಕಂಡಕ್ಟರಮ್ಮನಿಗೆ ಊರೆಲ್ಲ ಕರೆಯುವ ಹೆಸರು ಜರಡಿ. ಇಟ್ಟವರು ಪತ್ರಿಕೆಯವರು. ದೇಶದ ಮಹಿಳಾ ಫುಟ್‌ಬಾಲ್ ತಂಡಕ್ಕೆ ಅವಳೇ ಗೋಲ್‌ಕೀಪರ್. ಖಂಡದ ಚಾಂಪಿಯನ್‌ಶಿಪ್ಪಿನ ಅರ್ಹತಾ ಸುತ್ತಿಗೆ ತಂಡ ಮೂರು ಸಲ ಹೋಗಿ, ಮೂರು ಸಲವೂ ಮುಖ ಸಣ್ಣದು ಮಾಡಿಕೊಂಡು ವಾಪಸು ಬಂದಿತ್ತು. ಆಡಿದ್ದು ಒಂಬತ್ತು ಪಂದ್ಯ, ಸೋತದ್ದೂ ಒಂಬತ್ತು. ಹೊಡೆದ ಗೋಲು ಒಂದೇ ಒಂದು. ಅದೂ ಎದುರಾಳಿ ಹುಡುಗಿಯೊಬ್ಬಳು ಗಡಿಬಿಡಿಯಲ್ಲಿ ತನ್ನದೇ ಬಲೆಗೆ ಒದ್ದುಕೊಂಡದ್ದು.

ಬಸ್ಸಿನಲ್ಲಿ ಬಾಗಿಲಿಗೆ ಜೋತುಬಿದ್ದವರು ಸುಮ್ಮನಿರುತ್ತಿರಲಿಲ್ಲ. "ಏನ್ ಕಂಡಕ್ಟರಮ್ಮ, ಚಿಲ್ಲರೆನಾದ್ರೂ ಹಿಡೀತೀರಾ, ಅದನ್ನೂ ಬಿಟ್ಬಿಡ್ತೀರಾ?"

"ಚಿಲ್ಲರೆ ಹಿಡೀತೀನಿ. ನೀವು ಬಿದ್ರೆ ಮಾತ್ರ ಹಿಡಿಯಲ್ಲ, ಒಳಗೆ ಬನ್ನಿ" ಎಂದು ಸೀಟಿ ಊದುತ್ತಿದ್ದಳು.

ನಾಲ್ಕನೇ ಸಲ ಕರೆ ಬಂದಾಗ ರಜೆ ಅರ್ಜಿ ಹಿಡಿದು ಡಿಪೋ ಮ್ಯಾನೇಜರ ಮುಂದೆ ನಿಂತಳು. ಅವರು ಕನ್ನಡಕ ಮೂಗಿನ ತುದಿಗಿಳಿಸಿ, "ಸೋಲೋದಕ್ಕೆ ಹತ್ತು ದಿನ ಯಾಕಮ್ಮ? ಎರಡು ದಿನದಲ್ಲಿ ಸೋತ್ಕೊಂಡು ಬಾ" ಎಂದರು.

"ಮೂರು ಪಂದ್ಯ ಇದೆ ಸಾರ್. ಅವಸರ ಮಾಡಿದ್ರೆ ಸರಿಯಾಗಿ ಸೋಲೋಕಾಗಲ್ಲ."

ಮ್ಯಾನೇಜರು ನಗು ತಡೆಯಲಾರದೆ ಸಹಿ ಹಾಕಿದರು. ಮನೆಯಲ್ಲಿ ಅಮ್ಮ ಚೀಲಕ್ಕೆ ಬಟ್ಟೆ ತುರುಕುತ್ತಾ, "ಮುಖ ಜೋಪಾನ ಕಣೇ. ನಿಮ್ಮಪ್ಪ ಬಿಟ್ಟುಹೋಗಿರೋ ಆಸ್ತಿ ಅಂದ್ರೆ ಆ ಮೂಗೊಂದೇ" ಎಂದಳು.

ಮೊದಲೆರಡು ಪಂದ್ಯ ವಾಡಿಕೆಯಂತೆ ಮುಗಿದವು. ಮೂರನೆಯದು ಆತಿಥೇಯರ ಜೊತೆ. ಗೆದ್ದರೆ ಅವರು ನೇರ ಚಾಂಪಿಯನ್‌ಶಿಪ್ಪಿಗೆ. ಮೈದಾನದ ಅಂಚಿನಲ್ಲಿ ಬ್ಯಾಂಡಿನವರು ತುತ್ತೂರಿ ಒರೆಸಿಕೊಂಡು ಆಗಲೇ ಸಿದ್ಧರಾಗಿದ್ದರು. ಆದರೆ ಅವತ್ತು ಅವರ ಚೆಂಡು ಎರಡು ಸಲ ಕಂಬಕ್ಕೆ ಬಡಿಯಿತು, ಐದಾರು ಸಲ ಜರಡಿಯ ಮೊಣಕಾಲಿಗೆ, ಒಂದು ಸಲ ಅವಳ ಬೆನ್ನಿಗೆ. ಎಂಬತ್ತೆಂಟನೇ ನಿಮಿಷದವರೆಗೂ ಸೊನ್ನೆ-ಸೊನ್ನೆ. ಆಗ ಅವರಿಗೆ ಪೆನಾಲ್ಟಿ ಸಿಕ್ಕಿತು.

ಎಡಕ್ಕೆ ಹಾರಬೇಕೆಂದು ಜರಡಿ ನಿಶ್ಚಯಿಸಿದಳು. ಹಾರಲು ಹೋದಾಗ ಕಾಲು ಜಾರಿ, ನಿಂತಲ್ಲೇ ಉಳಿದಳು. ಚೆಂಡು ನೆಟ್ಟಗೆ ಬಂದು ಮೂಗಿಗೇ ಅಪ್ಪಳಿಸಿತು. ಕಣ್ಣು ಕತ್ತಲಿಟ್ಟಿತು. ಇದೂ ಹೋಯಿತೆಂದುಕೊಂಡು, ಚೆಂಡು ತರಲು ತೆವಳಿಕೊಂಡು ಬಲೆಯ ಕಡೆ ಹೊರಟಳು. ಬಲೆಯಲ್ಲಿ ಏನೂ ಇರಲಿಲ್ಲ; ಚೆಂಡು ಮೂಗಿಗೆ ಬಡಿದು ಗೋಲಿನ ಮೇಲಿಂದ ಹೊರಗೆ ಹಾರಿತ್ತು. ಅಷ್ಟರಲ್ಲಿ ತಂಡದ ಹತ್ತು ಜನ ಹುಡುಗಿಯರು ಕಿರುಚುತ್ತಾ ಅವಳ ಮೇಲೆ ಬಿದ್ದರು. ಪಂದ್ಯ ಹಾಗೇ ಮುಗಿಯಿತು. ಬ್ಯಾಂಡಿನವರು ಊದದೆಯೇ ಮನೆಗೆ ಹೋದರು.

ತಂಡದ ಚರಿತ್ರೆಯಲ್ಲೇ ಅದು ಮೊದಲ ಪಾಯಿಂಟು. ಜರಡಿಯ ಮೂಗು ಮಾತ್ರ ಶಾಶ್ವತವಾಗಿ ಎಡಕ್ಕೆ ವಾಲಿತು.

ಮೂರು ತಿಂಗಳಾದ ಮೇಲೆ ಫುಟ್‌ಬಾಲ್ ಸಂಘದ ವಾರ್ಷಿಕ ಪುಸ್ತಕ ಬಂತು. ಆಡಿದ್ದು ಹನ್ನೆರಡು, ಸೋತದ್ದು ಹನ್ನೆರಡು. ಕೊನೆಯ ಪಂದ್ಯದ ಮುಂದೆ ಸೊನ್ನೆ-ಒಂದು! ಜರಡಿಗೆ ಮೈಯೆಲ್ಲ ಉರಿದುಹೋಯಿತು. ವಾರದ ರಜೆಯ ದಿನ ಸಂಘದ ಕಚೇರಿಯ ಮೆಟ್ಟಿಲು ಹತ್ತಿ, ಪುಸ್ತಕವನ್ನು ಗುಮಾಸ್ತನ ಮೇಜಿನ ಮೇಲೆ ಕುಕ್ಕಿದಳು.

"ಅಚ್ಚಿನ ತಪ್ಪಮ್ಮ" ಎಂದ ಆತ. "ಹನ್ನೊಂದು ಸೋತವರಿಗೆ ಇನ್ನೊಂದು ಭಾರಾನಾ?"

"ಇಲ್ನೋಡಿ" ಎಂದು ಅವಳು ಮುಖ ಮುಂದೆ ಚಾಚಿದಳು. "ಇದೂ ಅಚ್ಚಿನ ತಪ್ಪಾ?"

ಆತ ಆ ಮೂಗನ್ನು ನೋಡಿದ, ಗೋಡೆ ನೋಡಿದ, ಮತ್ತೆ ಮೂಗು ನೋಡಿದ. ಕಪಾಟಿನಿಂದ ಮೂಲ ದಾಖಲೆ ತೆಗೆದು, ರೆಫರಿಯ ವರದಿ ಹುಡುಕಿ, ಒಂದನ್ನು ಹೊಡೆದುಹಾಕಿ ಸೊನ್ನೆ ಬರೆದು ಸಹಿ ಮಾಡಿದ. "ಆಯ್ತಲ್ಲ?"

"ಇನ್ನೊಂದಿದೆ. ಮೊದಲನೇ ಸಲ ಹೋಗಿದ್ವಲ್ಲ, ಅದರ ಎರಡನೇ ಪಂದ್ಯ. ಹನ್ನೊಂದು ಗೋಲು ಬಿಟ್ಟೆ ಅಂತ ಹಾಕಿದೀರಿ."

"ಸರಿ, ಅದನ್ನೂ ಕಡಿಮೆ ಮಾಡ್ಬೇಕೇನಮ್ಮ?"

"ಹದಿಮೂರು ಅಂತ ಮಾಡಿ."

ಗುಮಾಸ್ತ ಪೆನ್ನು ಹಿಡಿದುಕೊಂಡೇ ಕೂತ. "ನಿಮಗ್ಯಾಕಮ್ಮ ಈ ಉಸಾಬರಿ? ಯಾರೂ ಕೇಳಲ್ಲ."

"ಬರೀರಿ ಸಾರ್. ಪಾಪ, ಆ ಹುಡುಗಿಯರು ಕಷ್ಟಪಟ್ಟು ಹೊಡೆದದ್ದು."