ನೀರು ಕೆಳಗಿರುವ ಚಿತ್ರ

ಈ ಯಜಮಾನರು ಬಂದರೆಂದರೆ ಚಿತ್ರದಂಗಡಿಯವನು ಸ್ಟೂಲು ಎಳೆದುಕೊಳ್ಳುತ್ತಾನೆ. ಅವರ ನಡುಮನೆಗೆ ಗೋಡೆ ತುಂಬುವಂಥ ನದಿಯ ಚಿತ್ರವೇ ಬೇಕು. ಆದರೆ ತೆರೆ ಕಂಡರೆ ಚಿತ್ರವನ್ನೇ ಪಕ್ಕಕ್ಕೆ ಸರಿಸುತ್ತಾರೆ, ಮೋಡ ಕಂಡರೆ "ಮೇಲೆಲ್ಲೋ ಮಳೆ ಆಗ್ತಿದೆ ಕಣಪ್ಪಾ, ಬೇಡ" ಎನ್ನುತ್ತಾರೆ. ದಡದ ಹಸುವಿಗೆ ಓಡಲು ದಾರಿಯಿದೆಯೇ ಎಂದು ಕನ್ನಡಕ ಒರೆಸಿ ಒರೆಸಿ ನೋಡುತ್ತಾರೆ. ಒಪ್ಪಿದ್ದನ್ನೂ ಗೋಡೆಗೆ ಹಿಡಿಸಿ, ತಮ್ಮ ಎದೆಮಟ್ಟಕ್ಕೆ ಕೈಯಿಟ್ಟು, "ನೀರು ಇದಕ್ಕಿಂತ ಕೆಳಗೇ ಇರಬೇಕು" ಎಂದು ಹಟ ಹಿಡಿಯುತ್ತಾರೆ. "ಬಣ್ಣದ ನೀರು ಏರುತ್ತಾ ಸಾರ್?" ಎಂದು ಅಂಗಡಿಯವನು ಇವತ್ತು ನಕ್ಕೇಬಿಟ್ಟ. ಯಜಮಾನರ ಜೊತೆಗಿದ್ದ ಹೆಂಡತಿ ಮೆಲ್ಲಗೆ ಹೇಳಿದರು: "ಹೋದ ವರ್ಷ ಹೊಳೆ ಮನೆಯೊಳಗೆ ಅಷ್ಟೆತ್ತರ ನಿಂತಿತ್ತಪ್ಪಾ. ಎಷ್ಟು ಬಣ್ಣ ಹೊಡೆಸಿದ್ರೂ ಗೋಡೆ ಮೇಲಿನ ಆ ಗೆರೆ ಹೋಗ್ತಿಲ್ಲ. ಅದನ್ನ ಮುಚ್ಚೋಕೇ ಈ ಚಿತ್ರ." ಅಂಗಡಿಯವನು ಗೋಡೆಗೆ ಹಿಡಿದಿದ್ದ ಚಿತ್ರವನ್ನು ಒಂದು ಗೇಣು ಕೆಳಗಿಳಿಸಿದ.