ಅರ್ಧ ಇಂಚು ಬಿಟ್ಟು ಹೊಲಿದ ಕಾರು

ಬೀದಿಯವರೆಲ್ಲ ಆ ಟೈಲರನ್ನು ಕರೆಯುವುದು ‘ಅರ್ಧ ಇಂಚು’ ಎಂದು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯುವುದು ಎಲ್ಲ ಟೈಲರುಗಳೂ ಮಾಡುವ ಕೆಲಸ. ಈ ಮಹಾರಾಯ ಮಾತ್ರ ಅದರ ಮೇಲೆ ಇನ್ನೂ ಅರ್ಧ ಇಂಚು ಸೇರಿಸುತ್ತಿದ್ದ. ಬಾಯಿ ‘ಸೊಂಟ ಮೂವತ್ತೆರಡು’ ಎನ್ನುತ್ತಿದ್ದರೆ ಕೈ ಮೂವತ್ತೆರಡೂವರೆ ಬರೆದುಬಿಡುತ್ತಿತ್ತು. ಕೇಳಿದರೆ, “ನಾಳೆ ನೀವು ದಪ್ಪ ಆದ್ರೆ ಬೈಸಿಕೊಳ್ಳೋನು ಯಾರು?” ಎನ್ನುತ್ತಿದ್ದ. ಸಣ್ಣ ಆದರೆ ಏನು ಗತಿ ಎಂದು ಈವರೆಗೆ ಒಬ್ಬ ಗಿರಾಕಿಯೂ ಕೇಳಿಲ್ಲ, ಅದು ಬೇರೆ ಮಾತು.

ಇಂಥವನಿಗೆ ಐವತ್ತರ ಹತ್ತಿರ ಬಂದಾಗ ಕಾರಿನ ಹುಚ್ಚು ಹಿಡಿಯಿತು. ಅದೂ ಎಂಥ ಕಾರು? ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಅಂಟಿಕೊಂಡಂತಿರುವ ಕೆಂಪು ಜಪಾನಿ ಸ್ಪೋರ್ಟ್ಸ್ ಕಾರು. ಹಳೆಯ ಗಿರಾಕಿಯೊಬ್ಬ ಊರು ಬಿಡುವಾಗ ಮಾರಿದ್ದು. ಬಂಪರು ಸೊಟ್ಟಗಾಗಿತ್ತು, ಬಣ್ಣ ಮಾಸಿತ್ತು, ಆದರೆ ಇಂಜಿನ್ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಬಟ್ಟೆ ಕತ್ತರಿಸುವ ಮೇಜಿನಿಂದಲೇ ಕಾರು ಕಾಣಲಿ ಎಂದು ಅಂಗಡಿಯ ಕಿಟಕಿಯ ಪರದೆಯನ್ನೇ ಕಿತ್ತುಹಾಕಿದ. ಭಾನುವಾರ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಾಚೆಯ ಕೆರೆಯವರೆಗೆ ಹೋಗಿಬರಬೇಕು, ಅವನಿಗಿದ್ದದ್ದು ಅದೊಂದೇ ಆಸೆ.

ಹೆಂಡತಿ ಅದೇ ಅಂಗಡಿಯಲ್ಲಿ ಅವನೆದುರಿನ ಮಷೀನಿನ ಮೇಲೆ ಕೆಲಸ ಮಾಡುವವಳು. ಕಾರು ಬಂದ ದಿನ ಹತ್ತಿ ಕೂತು ಬೀದಿಯ ಕೊನೆಯವರೆಗೆ ಒಂದು ಸುತ್ತು ಹೋಗಿಬಂದಳು. ಇಳಿಯುವಾಗ ಶುರುವಾಯಿತು ಪಜೀತಿ. ಸೀಟು ಗುಂಡಿಯಲ್ಲಿದ್ದ ಹಾಗೆ ತಗ್ಗಿನಲ್ಲಿ, ಇವಳಿಗೋ ಮಂಡಿನೋವು. ಕೊನೆಗೆ ಪಕ್ಕದ ಮನೆಯ ಇಬ್ಬರು ಹೆಂಗಸರು ಒಂದೊಂದು ಕೈ ಹಿಡಿದು ಎಳೆದು ಹೊರತೆಗೆದರು. ಎದುರಿನ ಬೇಕರಿಯ ಮುಂದೆ ನಿಂತಿದ್ದವರೆಲ್ಲ ನಕ್ಕರು. ಅವರು ನಕ್ಕರೆ ನಗಲಿ, ಗಂಡನೂ ಬಾನೆಟ್ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಗಬೇಕೆ? ಅವಳು ಬಟ್ಟೆ ಸರಿಮಾಡಿಕೊಂಡು, “ಇನ್ನು ಈ ಕಾರಿಗೆ ನಾನು ಕಾಲಿಡಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು.

ಆಮೇಲೆ ಅವನು ತಪ್ಪಾಯಿತು ಎನ್ನಲಿಲ್ಲವೆಂದಲ್ಲ. ಅಂದ. ಆದರೆ ಪ್ರತಿಸಲವೂ ಕೊನೆಗೆ, “ಆದ್ರೂ ನೋಡಕ್ಕೆ ತಮಾಷೆಯಾಗಿತ್ತು ಬಿಡು” ಎಂದೊಂದು ಬಾಲ ಸೇರಿಸುತ್ತಿದ್ದ. ಅವಳು, “ನಂಗೇನೂ ಕೋಪ ಇಲ್ಲ” ಎನ್ನುತ್ತಿದ್ದಳು. ಸಂಸಾರ ಮಾಡಿದವರಿಗೆ ಈ ಮಾತಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಭಾನುವಾರ ಬಂದರೆ ಕಾರು ಕೆರೆಗೆ ಹೋಗುತ್ತಿತ್ತು, ಪಕ್ಕದ ಸೀಟು ಖಾಲಿ.

ಹೇಳಿಕೇಳಿ ಟೈಲರು, ಹೊಸ ಬಟ್ಟೆಗೆ ಕರಗದ ಮನಸ್ಸಿಲ್ಲ ಎಂದು ನಂಬಿದವನು. ಕಾರಿಗೂ ಚೆನ್ನಾಗಿ ತೊಡಿಸಿದರೆ ಅವಳು ಮನಸ್ಸು ಬದಲಾಯಿಸಿಯಾಳು ಎಂದುಕೊಂಡು ಭಾವಮೈದನನ್ನು ಕರೆಸಿದ. ಹೆಂಡತಿಯ ತಮ್ಮನಾದ ಅವನು ಕಾರುಗಳ ತಗ್ಗು ತೆಗೆದು ಬಣ್ಣ ಹೊಡೆಯುವ ಗ್ಯಾರೇಜಿನವನು.

“ಭಾವ, ಈ ಮಾಡೆಲ್‌ಗೆ ಬಾಡಿ ಕಿಟ್, ಅಂದ್ರೆ ಹೊರಗಡೆ ಹಾಕೋ ಪಟ್ಟಿ, ರೆಕ್ಕೆ ಎಲ್ಲಾ, ರೆಡಿಮೇಡೇ ಸಿಗತ್ತೆ. ತರಿಸೋದು, ಹಾಕೋದು, ಅಷ್ಟೇ.”

ರೆಡಿಮೇಡ್ ಎಂಬ ಮಾತು ಕೇಳಿದ್ದೇ ತಡ, ಟೈಲರನ ಮೈಯೆಲ್ಲ ಉರಿದುಹೋಯಿತು. “ನಾನು ಹುಟ್ಟಿದಾಗಿಂದ ರೆಡಿಮೇಡ್ ಹಾಕಿಲ್ಲ. ನನ್ನ ಕಾರೂ ಹಾಕಲ್ಲ. ಫೈಬರ್ ಕೆಲಸದವನ ಹತ್ರ ಅಳತೆ ಕೊಟ್ಟು ಮಾಡ್ಸೋಣ.”

ಆಯ್ಕೆ ಶುರುವಾಯಿತು. ಮುಂದಿನ ಬಂಪರಿನ ಕೆಳಗೆ ಬರುವ ತುಟಿಯಂಥ ಪಟ್ಟಿಯನ್ನು ರಟ್ಟಿನಲ್ಲಿ ಕತ್ತರಿಸಿ, ಅಂಟಿಸಿ, ರಸ್ತೆಯಾಚೆ ಹೋಗಿ ನಿಂತು ನೋಡಿದ. ಚೂಪಾಗಿದ್ದದ್ದು ರೋಡ್ ಹಂಪಿಗೆ ಉಜ್ಜುತ್ತದೆಂದು ಬಿಟ್ಟು, ದುಂಡಗಿದ್ದದ್ದನ್ನು ಒಪ್ಪಿದ. ಬಾಗಿಲ ಕೆಳಗೆ ಉದ್ದಕ್ಕೂ ಬರುವ ಪಟ್ಟಿಗೆ ಸೈಡ್ ಸ್ಕರ್ಟ್ ಎನ್ನುತ್ತಾರೆಂದು ತಿಳಿದಾಗ, ಇದು ನಮ್ಮ ಕಸುಬೇ ಎಂದು ಬೀಗಿದ. ಹಿಂದಿನ ರೆಕ್ಕೆಯದೇ ತಲೆನೋವು. ಎರಡು ಕಾಲಿನ ಮೇಲೆ ನಿಲ್ಲುವ ದೊಡ್ಡದೋ, ಡಿಕ್ಕಿಗೆ ಅಂಟಿಕೊಂಡಿರುವ ಚಿಕ್ಕದೋ?

“ಏನಂತೀಯ?” ಎಂದು ಹೆಂಡತಿಯನ್ನು ಕೇಳಿದ.

ಅವಳು ಮಷೀನಿನಿಂದ ತಲೆಯೆತ್ತಲಿಲ್ಲ. “ದೊಡ್ಡದು ಹಾಕ್ಸಿ, ಬಟ್ಟೆ ಒಣಗಿಸಬಹುದು. ನಂಗ್ಯಾಕೆ ಕೇಳ್ತೀರಿ, ನಾನೇನು ಅದರಲ್ಲಿ ಕೂರೋಳಾ?”

ಇನ್ನು ಅಳತೆ. ಕುತ್ತಿಗೆಗೆ ಟೇಪು ಹಾಕಿಕೊಂಡು ಕಾರಿನ ಸುತ್ತ ತೆವಳಿದ. ಬಾಯಿ ಒಂದು ಹೇಳಿತು, ಕೈ ಅಭ್ಯಾಸಬಲದಿಂದ ಇನ್ನೊಂದು ಬರೆಯಿತು. ಆ ಚೀಟಿ ಹಾಗೇ ಫೈಬರಿನವನ ಕೈ ಸೇರಿತು.

ಸ್ಕರ್ಟುಗಳು ಬಂದ ದಿನ ಭಾವಮೈದ, “ಭಾವ, ನೀವು ಒಳಗೆ ಕೂತಿರಿ. ಭಾರ ಇದ್ರೆ ನೆಲದಿಂದ ಎಷ್ಟು ಎತ್ತರ ಅಂತ ಸರಿಯಾಗಿ ಗೊತ್ತಾಗತ್ತೆ” ಎಂದ. ಬಾಗಿಲು ಹಾಕಿಸಿ, ಉದ್ದ ಜಾಸ್ತಿಯಾದ ಕಡೆ ತುದಿ ಉಜ್ಜಿ, ಎರಡೂ ಕಡೆ ಅಡಿಯಿಂದ ಸ್ಕ್ರೂ ಬಿಗಿದ. ರೆಕ್ಕೆಯ ನಮೂನೆ ತರುತ್ತೇನೆಂದು ಹತಾರದ ಚೀಲದ ಸಮೇತ ಸ್ಕೂಟರು ಹತ್ತಿ ಹೊರಟ. ಅಷ್ಟರಲ್ಲಿ ಗಿರಾಕಿಯೊಬ್ಬ ಪ್ಯಾಂಟು ಹಿಡಿದು ಬಂದ. ಟೈಲರು ಇಳಿಯಲು ಹೋದ. ಬಾಗಿಲು ತೆರೆಯಲಿಲ್ಲ. ಆ ಕಡೆಯದನ್ನು ನೂಕಿದ, ಅದೂ ಅಷ್ಟೇ. ಬೇರೆ ದಾರಿ ಕಾಣದೆ ಹಾರ್ನ್ ಒತ್ತಿದ.

ಹೆಂಡತಿ ಹೊರಗೆ ಬಂದಳು. “ಒಳಗೇನು ಮಾಡ್ತಿದ್ದೀರಿ?”

“ಬಾಗಿಲು ತೆಗೆಯಕ್ಕೆ ಆಗ್ತಿಲ್ಲ ಕಣೇ.”

ಅವಳು ಬಗ್ಗಿ ನೋಡಿದಳು. ಸ್ಕರ್ಟಿನ ಮೇಲಂಚು ಬಾಗಿಲಿನ ಕೆಳಗಿನ ಅಂಚನ್ನು ದಾಟಿ ಮೇಲೆ ಬಂದು ಅಡ್ಡ ನಿಂತಿತ್ತು. “ಅಳತೆ ಕೊಟ್ಟಿದ್ದು ಯಾರು?”

“ನಾನೇ.”

“ಅರ್ಧ ಇಂಚು ಸೇರಿಸಿ?”

ಅವನು ಸ್ಟೀರಿಂಗ್ ನೋಡುತ್ತಾ ಕೂತ. ಬೇಕರಿಯವರೆಲ್ಲ ಇತ್ತ ಬಂದಾಗಿತ್ತು. ಉಳಿದದ್ದು ಕಿಟಕಿಯೊಂದೇ. ಗಾಜಿಳಿಸಿ, ತಲೆ ಹಾಕಿ, ಭುಜ ಹಾಕಿ, ಹೊಟ್ಟೆಯ ಹತ್ತಿರ ಸಿಕ್ಕಿಹಾಕಿಕೊಂಡ. ಊರವರ ಸೊಂಟಕ್ಕೆಲ್ಲ ಬಿಟ್ಟ ಅರ್ಧ ಇಂಚನ್ನು ಆ ಕಿಟಕಿಗೆ ಯಾರೂ ಬಿಟ್ಟಿರಲಿಲ್ಲ. ಬೀದಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವನು ತಲೆಯೆತ್ತಿ ಹೆಂಡತಿಯ ಮುಖ ನೋಡಿದ. ಅವಳು ನಗುತ್ತಿರಲಿಲ್ಲ. ಅವನ ಎರಡೂ ಕೈ ಹಿಡಿದು, ಕಾಲೂರಿ, ಎಳೆಯುತ್ತಿದ್ದಳು. ಅಂಗಿಯ ಗುಂಡಿಯೊಂದು ಕಿತ್ತುಬಿದ್ದ ಮೇಲೆ ಹೊರಗೆ ಬಂದ.

“ಅವತ್ತು ನಿಂಗೆ ಹೀಗೇ ಆಗಿತ್ತಾ?” ಎಂದು ಮೆಲ್ಲಗೆ ಕೇಳಿದ.

“ಹೂಂ. ಊರು ನಕ್ಕಿದ್ದಕ್ಕೆ ನಂಗೆ ಬೇಜಾರಿಲ್ಲ. ನೀವೊಬ್ಬರು ನಗದೇ ಇದ್ದಿದ್ರೆ ಸಾಕಿತ್ತು.”

“ತಪ್ಪಾಯ್ತು” ಎಂದ. ಅಷ್ಟೇ ಅಂದ, ಈ ಸಲ ಬಾಲವಿರಲಿಲ್ಲ. ಅವಳು ಜನರ ಕಡೆ ತಿರುಗಿ, “ಸಾಕು, ನಿಮ್ಮ ನಿಮ್ಮ ಕೆಲಸ ನೋಡ್ಕೊಳ್ಳಿ” ಎಂದು ಗದರಿಸಿ ಕಳಿಸಿದಳು. ಆಮೇಲೆ ಒಳಗೆ ಹೋಗಿ, ಮಷೀನಿನ ಮೇಲೆ ತಲೆಯಿಟ್ಟು ಭುಜ ಕುಣಿಯುವಂತೆ ನಕ್ಕಳು. ಅದನ್ನು ನೋಡಿದರೂ ನೋಡದವನ ಹಾಗೆ ಅವನು ಗುಂಡಿ ಹುಡುಕುತ್ತಾ ನಿಂತ.

ಭಾವಮೈದ ವಾಪಸು ಬಂದು ಸ್ಕರ್ಟು ಬಿಚ್ಚಿದಾಗ ಸೀಮೆಸುಣ್ಣ ಹಿಡಿದು ಬಂದವಳು ಅವಳೇ. ಬಾಗಿಲು ತೆರೆಯಲು ಇಷ್ಟು ತೆಗಿ ಎಂದು ಸ್ಕರ್ಟಿನ ಉದ್ದಕ್ಕೂ ಗೆರೆ ಎಳೆದಳು. ಎಡಗಡೆಯದರ ನಡುವೆ ಗೆರೆಯನ್ನು ಇನ್ನೂ ಕೆಳಗೆ ಬಗ್ಗಿಸಿ, “ಇಲ್ಲಿ ಜಾಸ್ತಿ ತೆಗಿ. ಇಳಿಯುವಾಗ ನನ್ನ ಹಿಮ್ಮಡಿ ತಾಗೋದು ಇಲ್ಲೇ” ಎಂದಳು.

ಟೈಲರನ ಕಿವಿ ನೆಟ್ಟಗಾಯಿತು. ನನ್ನ ಹಿಮ್ಮಡಿ ಎಂದಳಲ್ಲ. ತಾನು ಜಾಸ್ತಿ ಬಿಟ್ಟಿದ್ದಕ್ಕೇ ತಾನೇ ಈಗ ಇಷ್ಟು ಕತ್ತರಿಸಲು ಆದದ್ದು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡ. ಜನ್ಮದಲ್ಲಿ ಒಂದು ಸಲವಾದರೂ ಬುದ್ಧಿವಂತನಾದ.

ಭಾನುವಾರ ಬೆಳಿಗ್ಗೆ ಕಾರನ್ನು ಒರೆಸಿ ರಸ್ತೆಗೆ ತಂದು ನಿಲ್ಲಿಸಿದ. ಬಾ ಎಂದು ಕರೆಯಲು ಧೈರ್ಯವಾಗಲಿಲ್ಲ. ಅಂಗಡಿಗೆ ಬೀಗ ಹಾಕಲು ಒಳಗೆ ಹೋದಾಗ ಅವಳ ಮಷೀನಿನ ಮುಂದಿನ ಕುರ್ಚಿ ಬೋಳಾಗಿತ್ತು. ಅವಳು ದಿನವೂ ಹಾಕಿಕೊಂಡು ಕೂರುವ ದಪ್ಪ ಮೆತ್ತೆ ಅಲ್ಲಿರಲಿಲ್ಲ. ಬೀಗ ಕೈಯಲ್ಲಿ ಹಿಡಿದೇ ಹೊರಗೆ ಓಡಿದ. ಕಾರಿನ ಸೀಟಿನ ಮೇಲೆ ಆ ಮೆತ್ತೆ, ಮೆತ್ತೆಯ ಮೇಲೆ ಅವಳು, ಬೆಲ್ಟು ಕೂಡ ಹಾಕಿಕೊಂಡಾಗಿತ್ತು.

ಕಾರು ಹೊರಟಿತು. ಸಂತೋಷಕ್ಕೆ ಅವನಿಗೆ ಗೇರೂ ಸರಿಯಾಗಿ ಬೀಳುತ್ತಿರಲಿಲ್ಲ.

“ನಿಧಾನ, ಹಂಪ್ ಬಂತು” ಎಂದಳು ಅವಳು. ಹಂಪು ದಾಟಿದ ಮೇಲೆ, “ಆ ಹಿಂದಿನ ರೆಕ್ಕೆ ಚಿಕ್ಕದನ್ನೇ ಮಾಡ್ಸೋಣ. ಕೆಂಪುದು” ಎಂದಳು.

“ಆಗ್ಲಿ. ನಾಳೆನೇ ಅಳತೆ ಕೊಡ್ತೀನಿ.”

“ನೀವು ಸುಮ್ನಿರಿ, ಅಳತೆ ನಾನು ತಗೋತೀನಿ.”